ಹೊಟ್ಟಿ ಸೀಳಿದ ಷ

ಚೀಟಿ ತಂದವ ಸಾವ್ಕಾರರ ಕಾರಕೂನ.
‘ಕಲಾಪೋಶಕ ಗುರುಪಾದಪ್ಪ ಔರಾದಿ’,
ನಾಳೆ ಸಂಜಿಗಿ ಬ್ಯಾನರ್ ಬೇಕು, ಬಟ್ಟಿ ಮ್ಯಾಲ, ಕೈಲೆ ಬರದದ್ದು,
ಫ್ಲೆಕ್ಸಿಗಿ ಗತ್ತಿಲ್ಲ ಅಂದಾರ.
ಚೀಟಿಯಾಗ ಇದ್ದಂಗ ಬರೀ ಅಂದ.
ನಾ ಶ ತಗದು
ಹೊಟ್ಟಿ ಸೀಳಿದ ಷ ಇಟ್ಟೆ.
ಆ ಗೀಟಿಗಿ ರೊಕ್ಕ ಹಿಡೀಲಿಲ್ಲ.

ನಲವತ್ತು ವರ್ಷ ಆಯ್ತು
ಈ ಊರಾಗ ಕೊಟ್ಟವರ ಹೆಸರು ಬರಕೋತ.
ಬ್ರಹ್ಮಪುರದ ಒಂದು ಸಾಲಿಯಾಗ
ಆರು ಫ್ಯಾನು, ಹದಿನೆಂಟು ರೆಕ್ಕಿ,
ರೆಕ್ಕಿಗೊಂದು ಅಪ್ಪ, ಅಜ್ಜ, ತೀರಿಹೋದ ಅತ್ತಿ.
ಶಿವರಾತ್ರಿ ದಾಟಿತಂದ್ರ ಕಲಬುರಗಿ ಕಾದ ಹಂಚು.
ತಿರುಗುವಾಗ ಗಾಳಿ ಅದ, ಹೆಸರಿಲ್ಲ.
ಕರೆಂಟ್ ಹೋದ್ರ ಹೆಸರು ಕಾಣ್ತದ,
ಹುಡುಗರು ಬೆವರು ಒರಸಿಕೋತ ಓದ್ತಾವ.
ಒಮ್ಮೆ ದಾನಿಗೋಳು ನೋಡ್ಲಿಕ್ಕ ಬಂದ್ರು.
ಫ್ಯಾನ್ ಬಂದ್ ಮಾಡ್ರಿ ಅಂದ್ರು.

ಸೂಪರ್ ಮಾರ್ಕೆಟಿನ ಹಿಂದ ಜಗದೇವಿ ಖಾನಾವಳಿ.
ಬೋರ್ಡು ನಂದೇ. ಮ್ಯಾಲ: ಗಿರಾಕಿಯೇ ದೇವರು.
ಕೆಳಗ ಕೆಂಪಿಲೆ: ಉದ್ರಿ ಕೇಳಬ್ಯಾಡ್ರಿ.
ಬಣ್ಣ ಆರೋದ್ರಾಗೇ ಉಂಡು ಕೈ ತೊಳದು
ಲೆಕ್ಕಕ್ಕ ಹಚ್ಚಕ್ಕ, ಅಂದೆ.
‘ಮ್ಯಾಲಿನ ಸಾಲು ಓದಲೋ, ಕೆಳಗಿಂದೋ?’
ಅವತ್ತಿಂದ ಇಪ್ಪತ್ತೆರಡು ವರ್ಷ ಅಲ್ಲೇ ಊಟ.
ರೊಟ್ಟಿ ಸೆಟದಿದ್ರ ನಾ ಬೈತೀನಿ,
ರೊಕ್ಕ ತಡಾ ಆದ್ರ ಅಕಿ ಬೈತಾಳ.
ಇಷ್ಟು ಸರಿಸಮ ಬೈಗುಳ
ನಂಗ ಬ್ಯಾರೆ ಎಲ್ಲೂ ಸಿಕ್ಕಿಲ್ಲ.

ರಂಗಮಂದಿರದಾಗ ಬ್ಯಾನರ್ ಏರಿತು.
ಹಾಡವನು ಕಣ್ಣು ಮುಚ್ಚಿ ಒಂದು ಸ್ವರ ಹಿಡದು ನಿಂತಾಗ
ಮುಂದಿನ ಸೋಫಾದಾಗ ಸಾವ್ಕಾರರು
ತೊಗರಿ ರೇಟು ಕೇಳಲಿಕ್ಕತ್ತಿದ್ರು, ಮೊಬೈಲಿನಾಗ.
ಆಮ್ಯಾಲ ನನ್ನೂ ಕರದು ಶಾಲು ಹಾಕಿದ್ರು.
‘ಸಾಲಿ ಕಟ್ಟಿ ಏರದವ,
ಅಕ್ಷರ ಎಷ್ಟು ಮುದ್ದಾಗಿ ಬರೀತಾನ ನೋಡ್ರಿ!’
ಬೆನ್ನ ಮ್ಯಾಲ ಕೈ ಬಿತ್ತು,
ಸಂತ್ಯಾಗ ಎತ್ತಿಗಿ ತಟ್ಟಿದಂಗ.
ಏಳನೇತ್ತ ಪಾಸಾಗೀನ್ರಿ, ಅನ್ನಬೇಕಂದೆ.
ಮೈಕು ಅಷ್ಟೊತ್ತಿಗಿ ಮುಂದಿನವರ ಕೈಯಾಗಿತ್ತು.
ಶಾಲು ಬೆಚ್ಚಗದ, ಸುಳ್ಳ್ಯಾಕ ಹೇಳಲಿ.

ಇದೇ ಮಾತು ನಾಟಕ ಕಂಪನಿ ಬೋರ್ಡಿನಾಗೂ ಬರದೀನಿ:
ನಾಯಕನ ಹೆಸರು ಗೇಣುದ್ದ,
ತಳದಾಗ ಇರಿವಿ ಸಾಲಿನಂಗ, ‘ಪೋಷಕ ಪಾತ್ರಗಳಲ್ಲಿ’.

ಇನ್ನೊಮ್ಮೆ ನೋಡಿದ್ದು ಸಾಲಿ ಫಾರ್ಮಿನಾಗ.
ಅಪ್ಪ ಶಹಾಬಾದಿನ ಖಣಿಯಾಗ, ತಿಂಗಳಿಗೊಮ್ಮೆ ಬಂದ್ರ ಬಂದ.
‘ಪೋಷಕರ ಸಹಿ’ ಅಂಬೋ ಖಾಲಿ ಗೀಟಿನ ಮ್ಯಾಲ
ಬಲದಿಂದ ಎಡಕ್ಕ ಸಹಿ ಹಾಕಿದವ ಪೇಂಟರ್ ದಸ್ತಗೀರ.
ಇವ ನಿನಗೇನಾಗಬೇಕೋ, ಮಾಸ್ತರು ಕೇಳಿದ್ರು.
‘ಅಲ್ಲೇ ಬರದದಲ್ರಿ,’ ಅಂದ ಉಸ್ತಾದ, ‘ಅದೇ.’

ಕನ್ನಡ ಓದ್ಲಿಕ್ಕ ಬರ್ತಿದ್ದಿಲ್ಲ ಅವಗ,
ಅಕ್ಷರ ಚಿತ್ರದಂಗ ತಗೀತಿದ್ದ.
ನೋಡು, ಈ ಪ, ಈ ಷ, ಒಂದೇ ಮೈ,
ಇದರ ಹೊಟ್ಟಿ ಯಾಕ ಸೀಳ್ಯಾರೋ?
ಗೊತ್ತಿಲ್ಲ ಉಸ್ತಾದ.
ಗೊತ್ತಾದಾಗ ಹೇಳು.
ದಸ್ತಗೀರ ಅಂದ್ರ ಕೈ ಹಿಡಿಯಾಂವ ಅಂತರ್ಥ,
ಅವನ ಹೆಂಡತಿ ಹೇಳಿದ್ದು, ಅವ ಹೋದ ಮ್ಯಾಲ.
ನನಗ ಅರ್ಥ ಬೇಕಾಗಿದ್ದಿಲ್ಲ,
ಹಿಡದಿದ್ನಲ್ಲ,
ಮಣಿಕಟ್ಟಿನ ಮ್ಯಾಲ ಬೀಡಿ, ಟರ್ಪೆಂಟೈನ್ ವಾಸನಿ,
ಮೂರು ದಿನ.
ನಾಕನೇ ದಿನ
ಏಣಿ ಮ್ಯಾಲ ನಾನಿರೋವಾಗಲೇ
ಹೇಳದೇ ಬಿಟ್ಟ.

ಬ್ಯಾನರಿನ ರೊಕ್ಕ ಇನ್ನಾ ಬಂದಿಲ್ಲ.
ಕಾರಕೂನ ಅಂತಾನ, ಶಾಲು ಹಾಕ್ಯಾರಲ್ಲೋ.
ಜಗದೇವಿ ಲೆಕ್ಕದ ಪುಸ್ತಕ ತಗೀತಾಳ.
ಇವತ್ತ ಮ್ಯಾಲಿನ ಸಾಲು ಓದಕ್ಕ, ಅಂತೀನಿ.