ಗುಂಡಿ ಹಚ್ಚುವ ಅಂಗಡಿ

ಏನೂ ಆಗೂದಿಲ್ಲ ಈ ಪುಸ್ತಕದಾಗ.
ಖೂನಿಲ್ಲ, ಲಗ್ನಿಲ್ಲ, ಆಸ್ತಿ ಜಗಳಿಲ್ಲ.
ಕೊರಿಯಾದ ಯಾವುದೋ ಊರ ಏರಿನ್ಯಾಗ
ಒಬ್ಬ ಮುದುಕಿ ಗುಂಡಿ ಹಚ್ಚತಾಳ.
ಹಳೇ ಕೋಟು ಹಿಡಕೊಂಡು ಒಬ್ಬಾಂವ ಬರ್ತಾನ,
ಆಕಿ ಗಾಜಿನ ಭರಣಿ ಸುರುವಿ
ಅದೇ ಬಣ್ಣದ್ದು, ಅದೇ ಅಳತೀದು, ನಾಕು ತೂತಿಂದು
ಹುಡುಕತಾಳ.
ಹುಡುಕೂದೇ ಹನ್ನೊಂದು ಪುಟ.

ಹದಿನೆಂಟನೇ ಸೀಟಿನ ಕೆಳಗ ಸಿಕ್ಕಿತ್ತು,
ಬಾಗಲಕೋಟಿ–ಬೆಳಗಾವಿ, ಮುಂಜಾನೆ ಆರೂಕಾಲರ ಗಾಡಿ.
ಲೋಕಾಪುರದಾಗ ಇಳಿದ ಹುಡುಗಿ ಬಿಟ್ಟು ಹೋಗ್ಯಾಳ.
ಡಿಪೋದಾಗ ಜಮಾ ಮಾಡಬೇಕು, ಕಾಯ್ದೆ ಹಂಗೈತಿ.
ಮಾಡಲಿಲ್ಲ.
ರೊಕ್ಕದ ಚೀಲದಾಗ, ಚಿಲ್ಲರದ ಕೆಳಗ ಇಟ್ಟುಕೊಂಡ್ನಿ.

ಇಂಗ್ಲಿಷ್ ಪುಸ್ತಕ. ನನ್ನ ಇಂಗ್ಲಿಷು
ಬಿ.ಎ. ಎರಡನೇ ವರ್ಷಕ್ಕ ನಿಂತದ್ದು.
ಯರಗಟ್ಟ್ಯಾಗ ಹತ್ತು ನಿಮಿಷ,
ಬೆಳಗಾವಿ ಸ್ಟ್ಯಾಂಡಿನ್ಯಾಗ ನಲವತ್ತು,
ಜೋಳದಾಗಿನ ಹಳ್ಳು ಆರಿಸಿದಂಗ ಒಂದೊಂದು ಶಬ್ದ.
ಓದತಾ ಓದತಾ ಆ ಮುದುಕಿ
ಥೇಟ್ ನಮ್ಮ ಕಲಾದಗಿ ಆಯಿ ಹಂಗ ಮಾತಾಡಾಕ ಹತ್ತಿದ್ಳು.
ಬಂದವರಿಗೆ ಆಕಿ ಮೊದಲ ಕೇಳೂದು ಒಂದ:
"ಊಟಾ ಆತೇನ?"
ಅಯ್ಯ, ಸಮುದ್ರ ದಾಟಿ ಹೋದರೂ ಅದೇ ಮಾತ!
ಆಕಿ ಗಡಿಗ್ಯಾಗಿನ ಕೆಂಪನ್ನ ಕ್ಯಾಬೇಜಿನ ಹುಳಿ
ನನ್ನ ಬುತ್ತ್ಯಾಗಿನ ರಂಜಕಕ್ಕ ಬೀಗತಿ ಆಗಬೇಕು.

ಅನುಕಂಪ ಅನ್ನೂ ಶಬ್ದ ನಾ ಕಂಡದ್ದು ಒಂದ ಸಲ,
ಟೈಪ್ ಮಾಡಿದ ಆದೇಶದಾಗ:
ಮೃತ ಚಾಲಕ ಮಹಾಲಿಂಗ ಹೂಗಾರ ಇವರ ಪತ್ನಿ
ಶ್ರೀಮತಿ ದಾನಮ್ಮ ಇವರನ್ನು ಅನುಕಂಪದ ಆಧಾರದ ಮೇಲೆ
ನಿರ್ವಾಹಕಿಯನ್ನಾಗಿ.
ಸೀಲು, ಸಹಿ, ಮೂರು ಪ್ರತಿ.
ಆ ಶಬ್ದಕ್ಕ ಒಂದು ದನಿ ಇರತೈತಿ ಅಂತ ಗೊತ್ತಿರಲಿಲ್ಲ.
ಭರಣಿಯೊಳಗ ಗುಂಡಿ ಸರದಾಡೋ ಸಪ್ಪಳ ಅದು,
ನೂರಾ ನಾಕನೇ ಪುಟದಾಗ.
ಗದ್ದನಕೇರಿ ಕ್ರಾಸಿನ್ಯಾಗ ಗಾಡಿ ನಿಂತದ್ದೂ ತಿಳೀಲಿಲ್ಲ.
ಡ್ರೈವರ್ ದಸ್ತಗೀರಣ್ಣ ಕನ್ನಡಿಯಾಗ ನೋಡಿ
"ಅಕ್ಕಾರ, ಸೀಟಿ?" ಅಂದ.

ಸೆಕ್ಟರ್ ನಲವತ್ತೈದರ ಮನ್ಯಾಗ
ಅವರ ಖಾಕಿ ಅಂಗಿ ಇನ್ನೂ ಗೂಟಕ್ಕ ಐತಿ.
ಎರಡನೇ ಗುಂಡಿ ಇಲ್ಲ.
ದವಾಖಾನ್ಯಾಗ ಎದಿ ಒತ್ತುವಾಗ ಹಾರಿದ್ದು,
ಮಂಚದ ಕೆಳಗ ಹೋತೋ, ಯಾರ ಕಾಲಾಗ ಹೋತೋ.
ರಸ್ತೆ ತುಂಬ ಗುಂಡಿ ಅಂತ ಪೇಪರಿನವರು ಬರೀತಾರ,
ಒಂದರೆ ಅಂಗೀಗೆ ಆಗಬಾರದ.
ಆ ರಾತ್ರಿ ಡಬ್ಬಿ ತೆಗದ್ನಿ, ಸೂಜಿ ಪೋಣಿಸಿದ್ನಿ.
ಹಚ್ಚಲಿಲ್ಲ.
ದಾರ ಕಿತ್ತ ಆ ಜಾಗಾಕ್ಕ ಬೊಟ್ಟು ಇಟ್ಟು ಸ್ವಲ್ಪ ಹೊತ್ತು ಕುಂತು
ಮತ್ತ ಪುಸ್ತಕ ತಗೊಂಡ್ನಿ.
ಅಲ್ಲೂ ಯಾರೂ ಅವಸರ ಮಾಡಿರಲಿಲ್ಲ.

ಐದನೇ ದಿನ ಆ ಹುಡುಗಿ ಹತ್ತಿದ್ಳು.
ಶೂನ್ಯ ಟಿಕೆಟ್ ಹರದು ಕೊಟ್ನಿ, ಪುಸ್ತಕಾನೂ ಕೊಟ್ನಿ.
ಒಳಗ ಗುರುತಿಗೆ ಇನ್ನೊಂದು ಶೂನ್ಯ ಟಿಕೆಟ್ಟು,
ಇನ್ನೂರಾ ಹನ್ನೆರಡರಾಗ. ತಗಿಯೋದು ಮರತಿದ್ನಿ.
ಆಕಿ ಅದನ್ನ ನೋಡಿ, ನನ್ನ ನೋಡಿ,
"ಮುಗಿಸಿ ಕೊಡ್ರಿ ಅಕ್ಕಾ, ಅವಸರಿಲ್ಲ" ಅಂದ್ಳು.
"ಬ್ಯಾಡವಾ" ಅಂದ್ನಿ, "ಅಂಗಡಿ ತೆರದೇ ಇರ್ಲಿ."
ಕೋಟಿನಾಂವ ತಿರುಗಿ ಬಂದ್ನೋ ಇಲ್ಲೋ
ಕೇಳಬೇಕಂದ್ನಿ. ಹಿಂದಿನ ಬಾಗಲದಾಗ ಯಾರೋ ಒದರಿದ್ರು.

ಕಲಾದಗಿ ಚಿಕ್ಕು ವ್ಯಾಪಾರಿ ಒಬ್ಬಾಂವ ಅದಾನ.
ದಿನಾ ಮೂರು ರೂಪಾಯಿಗೆ ನನ್ನ ಜೋಡಿ ಜಗಳ,
"ಚಿಲ್ಲರ ಇಲ್ಲಂದ್ರ ನೌಕರಿ ಯಾಕ ಮಾಡ್ತಿ" ಅಂತ.
ಇವತ್ತ ಆತ ಬಾಯಿ ತೆರಿಯೋಕಿಂತ ಮೊದಲ
"ಊಟಾ ಆತೇನ್ರಿ ಕಾಕಾ?" ಅಂದುಬಿಟ್ನಿ.
ಮುಂಜಾನೆ ಆರೂವರಿಗೆ!
ಆತ ತಬ್ಬಿಬ್ಬಾಗಿ, "ಇಲ್ಲವಾ, ಚಾ ಅಷ್ಟ" ಅಂದು
ಸುಮ್ಮನ ಕುಂತ.
ಕಲಾದಗ್ಯಾಗ ಇಳದ. ಸೀಟಿ ಹೊಡದ್ನಿ.
ಗಾಡಿ ಬಿಡೂದ್ರಾಗ ಬುಟ್ಟಿ ಇಟ್ಟು ಓಡಿ ಬಂದು ತಗಡಾ ಬಡದ:
"ನನ್ನ ಮೂರು ರೂಪಾಯಿ!"

ಕಿಡಕ್ಯಾಗಿಂದ ಎಣಿಸಿ ಕೊಟ್ನಿ.
ಮ್ಯಾಲೆತ್ತಿದ ಆತನ ಅಂಗಿ ತೋಳಿಗೆ
ಗುಂಡಿ ಇರಲಿಲ್ಲ.