ಆರು ನಿಮಿಷ

ನಾಪೋಕ್ಲಿನ ನಮ್ಮ ಮರಣನಿಧಿಗೆ
ಮುನ್ನೂರ ಹನ್ನೆರಡು ಮನೆ.
ಯಾರಲ್ಲಿ ಸಾವಾದರೂ ಮನೆಗೆ ನೂರು ರೂಪಾಯಿ.
ಪಟ್ಟಿ ಇರುವುದು ನನ್ನ ಊಟದ ಮೇಜಿನ ಪಕ್ಕ,
ಹದಿನೈದು ವರ್ಷದ ಕಂಪ್ಯೂಟರಿನ ಹೊಟ್ಟೆಯಲ್ಲಿ.

ಅದಕ್ಕೆ ಏಳಲು ಆರು ನಿಮಿಷ.
ಗೋಡೆ ಗಡಿಯಾರ ನೋಡಿ ಹೇಳುತ್ತಿದ್ದೇನೆ, ಅಂದಾಜಲ್ಲ.
ಗುಂಡಿ ಒತ್ತಿದರೆ ಮೊದಲು ಒಂದು ನಿಟ್ಟುಸಿರು,
ಆಮೇಲೆ ಪಲ್ಪರ್ ತಿರುಗಿದ ಹಾಗೆ ಫ್ಯಾನು,
ಆಮೇಲೆ ಕಪ್ಪು ಪರದೆಯಲ್ಲಿ ಒಂದು ಬಿಳಿ ಗೆರೆ
ಮಿಟುಕುತ್ತ, ಮಿಟುಕುತ್ತ,
ಹೆಸರು ನಾಲಿಗೆಯ ತುದಿಯಲ್ಲೇ ನಿಂತವರಂತೆ.

ಸಾವಿನ ಮನೆಯವರು ಬೆಂಚಿನ ಮೇಲೆ ಕಾಯುತ್ತಾರೆ.
ಬೇಜಾರು ಮಾಡ್ಕೋಬೇಡಿ ಅನ್ನುತ್ತೇನೆ, ಅದರ ಪರವಾಗಿ.

ಒಂದು ಭಾನುವಾರ ಕೊಟ್ಟಮುಡಿಯ ಫಸೀಲಾ ಬಂದಳು,
ಕುಶಾಲನಗರದ ಪಾಲಿಟೆಕ್ನಿಕ್ಕಿನ ಹುಡುಗಿ.
"ನಮ್ಮಜ್ಜಿ ಸಲಕ್ಕೆ ಎಂಟು ನಿಮಿಷ ಆಗಿತ್ತು"
ಅಷ್ಟೇ ಅಂದಳು, ಚೀಲದಿಂದ ಸ್ಕ್ರೂಡ್ರೈವರ್ ತೆಗೆಯುತ್ತ.

ಮುಚ್ಚಳ ಬಿಚ್ಚಿದರೆ
ಧೂಳಿನ ಕಂಬಳಿ, ಇರುವೆ ತಂದ ಮಣ್ಣು,
ಒಂದು ಒಳ್ಳೆಮೆಣಸಿನ ಕಾಳು.
ಪೇಂಟ್ ಬ್ರಷ್ಷಿನಲ್ಲಿ ಗುಡಿಸಿ
ಅದರ ನೆನಪಿನ ಪಟ್ಟಿಯನ್ನು
ಮಕ್ಕಳ ರಬ್ಬರಿನಿಂದ ಉಜ್ಜಿದಳು.
"ಅಳಿಸಿಹೋದರೆ?" ಅಂದೆ. ನಕ್ಕಳು.

"ಆಂಟಿ, ಇದರ ಜೊತೆ ಏಳೋರು ಯಾರ್ಯಾರು ನೋಡಿ."
ಕರೆಯದೆ ಬಂದ ನೆಂಟರು, ಇಪ್ಪತ್ತಮೂರು:
ಗುಜರಿಗೆ ಹೋದ ಪ್ರಿಂಟರನ್ನು ದಿನಾ ಕೂಗುವುದೊಂದು,
ತಮ್ಮನ ಮಗ ಒಂದು ರಜೆಯಲ್ಲಿ ಆಡಿದ ಕಾರ್ ರೇಸು,
ಒಂದನ್ನೊಂದು ಕಳ್ಳನೆಂದು ಹಿಡಿಯುವ ಎರಡು ವೈರಸ್ ಕಾವಲು,
ಜಾತಕ ಬರೆಯುವುದೊಂದು. ಹಾಕಿದ್ದು ನಾನಲ್ಲ.
ಕನ್ನಡ ಅಕ್ಷರದ್ದೊಂದು ಇರಲಿ ಎಂದೆ.
ಉಳಿದವರನ್ನೆಲ್ಲ ಜಗಲಿಯಲ್ಲಿ ಕೂರಿಸಿದಳು.

ಆಮೇಲೆ ಇನ್ನೂ ಒಳಗಿನ ನೀಲಿ ಪರದೆಗೆ ಹೋದಳು.
ಎದ್ದ ಕೂಡಲೇ ಅದು ಮೊದಲು ಹುಡುಕುವುದು ಫ್ಲಾಪಿಯನ್ನಂತೆ,
ಈ ಮನೆಯಲ್ಲಿ ಎಂದೂ ಇರದ ಫ್ಲಾಪಿಯನ್ನು.
ಗುರುಕಾರೋಣರಿಗೆ ಮೀದಿ ಇಡದೆ
ಹಬ್ಬದ ದಿನ ನಾವು ಎಲೆಗೆ ಕೈ ಹಾಕದ ಹಾಗೆ
ಪಾಪ, ಅದಕ್ಕೂ ಒಂದು ಪದ್ಧತಿ.
ಫಸೀಲಾ ಆ ಸಾಲನ್ನು ಕೆಳಕ್ಕೆ ತಳ್ಳಿದಳು.
ನಾನು ಸುಮ್ಮನೆ ತೂಗುದೀಪದ ಕಡೆ ನೋಡಿದೆ.

ಗಡಿಯಾರದ ಬಿಲ್ಲೆ ಸೆಲ್ಲು ಸತ್ತಿತ್ತು.
ಹಾಗಾಗಿ ಅದಕ್ಕೆ ದಿನಾ ಬೆಳಿಗ್ಗೆ
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಮುಂದುವರಿಯಲು ಎಫ್ ಒನ್ ಒತ್ತಿ, ಎನ್ನುತ್ತಿತ್ತು.
ನಾಲ್ಕು ವರ್ಷ ಒತ್ತಿದ್ದೇನೆ, ಹೊಳೆದಿರಲಿಲ್ಲ:
ಆ ತಾರೀಖಿಗೆ ನನ್ನ ಪಟ್ಟಿಯವರೆಲ್ಲ ಇದ್ದರು,
ಬೊಳ್ಳವ್ವ, ಪೋಸ್ಟಿನ ಕುಟ್ಟಪ್ಪ, ಫಸೀಲಾಳ ಅಜ್ಜಿ.
ಹೊಸ ಸೆಲ್ಲಿಗೆ ಮೂವತ್ತು ರೂಪಾಯಿ.
ಹಾಕಿದಳು. ಇವತ್ತಾಯಿತು.

ಕೊರೆಯುವ ಡಿಸ್ಕಿನ ಜಾಗಕ್ಕೆ
ಇಸ್ಪೀಟ್ ಕಟ್ಟಿನಷ್ಟು ದೊಡ್ಡದು, ಸದ್ದೇ ಇಲ್ಲದ್ದು.
ಇಪ್ಪತ್ತೆರಡು ಸೆಕೆಂಡು!
ಆ ವಾರ ದಿನಕ್ಕೆ ಮೂರು ಸಲ ಹಾಕಿ ನೋಡಿದೆ.
ಊರಲ್ಲಿ ಯಾರೂ ಹೋಗಲಿಲ್ಲ. ದೇವರು ದೊಡ್ಡವನು.
ಸ್ವಲ್ಪ ನಿರಾಸೆಯಾಯಿತೆಂದು ಇಲ್ಲಿ ಮಾತ್ರ ಹೇಳುತ್ತೇನೆ.

ಹತ್ತನೆಯ ದಿನ ಬೇತುವಿನಿಂದ ಪಳಂಗಪ್ಪ ಬಂದ.
ಅಕ್ಕ ತೀರಿಕೊಂಡಿದ್ದಳು.
ಟಾರ್ಚು ಪಕ್ಕಕ್ಕಿಟ್ಟು ಕೂರುವಷ್ಟರಲ್ಲಿ
ಹೆಸರು, ಮನೆ ನಂಬರು, ಮೊತ್ತ, ಎಲ್ಲ ಎದುರಿಗೆ.
ಏನೋ ಹೇಳಲು ತೆರೆದ ಬಾಯಿ
ಮುಚ್ಚಿಕೊಂಡ. ಸಹಿ ಹಾಕಿ ಹೋದ.

ಆ ಆರು ನಿಮಿಷದಲ್ಲಿ ಎಷ್ಟು ಕೇಳಿದ್ದೆ ನಾನು!
ಕೊನೆಗೆ ಕಡಂಬುಟ್ಟು ಬೇಕೆಂದು ಹಟ ಮಾಡಿದ್ದು,
ಆನೆ ಬಂದ ರಾತ್ರಿ ತಪ್ಪಲೆ ಬಡಿದದ್ದು,
ಮಾತು ಬಿಟ್ಟ ಅಣ್ಣನಿಗೆ ಜೇನು ಕಳಿಸಿದ್ದು, ವರ್ಷವರ್ಷವೂ.
ಎಲ್ಲರೂ ಆ ಮಿಟುಕುವ ಗೆರೆಗೇ ಹೇಳುತ್ತಿದ್ದರು,
ನನ್ನ ಮುಖಕ್ಕಲ್ಲ.

ನಿನ್ನೆ ರಾತ್ರಿ ಮತ್ತೊಬ್ಬರು ಬಂದರು.
"ತಡ ಆಗ್ತದಾ?"
"ಹಳೇದಲ್ವಾ," ಅಂದೆ, "ಸ್ವಲ್ಪ ಕೂರಿ."
ಕಪ್ಪು ಪರದೆಯ ಮುಂದೆ ಇಬ್ಬರೂ ಕೂತೆವು.
ಅವರು ಗಂಟಲು ಸರಿಮಾಡಿಕೊಂಡರು.
ಬೆರಳು ಗುಂಡಿಯ ಮೇಲಿತ್ತು,
ಒತ್ತಿರಲಿಲ್ಲ.