ಇಪ್ಪತ್ಮೂರು ದಿನದ ಹಿರಿಯಳು

ಸೋಮವಾರ ಹನ್ನೊಂದು ಮಂದಿ ಬಂದರು, ಕುರ್ಚಿ ಎಂಟು.
ಹಳೇ ಹುಬ್ಬಳ್ಳಿಯ ಪೆಂಡಾಲಿನವನಿಗೆ ಫೋನು ಹಚ್ಚಿದೆ;
ಬೆನ್ನ ಮೇಲೆ ‘ವಧು-ವರರಿಗೆ ಶುಭವಾಗಲಿ’ ಬರೆದ
ಮೂರು ಕೆಂಪು ಪ್ಲಾಸ್ಟಿಕ್ಕಿನವು
ಟಂಟಂ ಏರಿ ಗೋಕುಲ ರೋಡಿಗೆ ಬಂದವು.

ಕುಂದರ್ರಿ, ಅಂದೆ.
ಕೆಳಗ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಗ್ರೀಸಿನ ವಾಸನಿ
ಎರಡು ದಿನಕ್ಕ ರೂಢಿ ಆಕ್ಕೈತಿ.
ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ.
ನೀರಿನ ಕ್ಯಾನ್ ಖಾಲಿ ಆದ್ರ ಕಡೀಕ ಕುಡದವರು ಏರಸಬೇಕು.
ಸಾಹೇಬ್ರನ್ನ ಸಾಹೇಬ್ರ ಅನಬ್ಯಾಡ್ರಿ, ಹೆಸರು ಹಿಡದು ಕರೀರಿ.
ನಾಲಗಿ ಹೊರಳೂದಿಲ್ಲ, ಗೊತ್ತೈತಿ. ನಂದೂ ಹೊರಳಿಲ್ಲ.

ಆಮೇಲೆ ಕತೆ ಹೇಳಿದೆ, ಪ್ರತಿ ಸೋಮವಾರದ್ದು:
ಇಬ್ಬರೇ ಇದ್ದ ಕಾಲ, ಒಂದೇ ಲ್ಯಾಪ್‌ಟಾಪು,
ಕರೆಂಟು ಹೋದ ರಾತ್ರಿ ಮೊದಲ ಆರ್ಡರು ಬಂದದ್ದು.
ಮೇಣಬತ್ತಿಯ ಬಣ್ಣ ಸೈತ ಹೇಳಿದೆ.

ನರೇಗಲ್ಲಿನ ಹುಡುಗಿ, ದಾಕ್ಷಾಯಣಿ ಗಾಣಿಗೇರ,
ಶಾಲೆಯಲ್ಲಿದ್ದಂತೆ ಕೈ ಎತ್ತಿದಳು:
ಆವಾಗ ನೀವೂ ಇದ್ರೇನ್ರಿ ಮ್ಯಾಡಂ?

ಇಲ್ಲವ್ವ.
ನಾ ಬಂದು ಇಪ್ಪತ್ಮೂರು ದಿನ.
ನನಗ ಈ ಕತಿ ಹೇಳಿದಾತ ಹೋದ ವಾರ ಬಿಟ್ಟ ಹೋದ.
ಅವನೂ ಆವಾಗ ಇದ್ದಿಲ್ಲ.

ಯಾರೋ ಕಿಸಕ್ಕನೆ ನಕ್ಕರು. ನಾನೂ.

ಕೊನೆಗೆ ಕಾರ್ಡಿನ ಫೋಟೋ.
ಬಿಳಿ ಗೋಡೆಗೆ ಬೆನ್ನು ಕೊಟ್ಟು ಒಬ್ಬೊಬ್ಬರೇ ನಿಲ್ಲಬೇಕು.
ನಿಂತವರ ತಲೆ ತಾಗಿ ತಾಗಿ ಅಲ್ಲಿ
ಎಣ್ಣೆಯ ಮಬ್ಬು ಕಲೆಗಳು, ಎತ್ತರಕ್ಕೊಂದು.
ಬಿಟ್ಟು ಹೋದವರದೂ ಇವೆ.
ನನ್ನದು ಯಾವುದೆಂದು ನನಗೆ ಗೊತ್ತು:
ಸ್ವಿಚ್ಚಿಗಿಂತ ಒಂದು ಗೇಣು ಮೇಲೆ.

ದಾಕ್ಷಾಯಣಿ ಜಡೆ ಮುಂದಕ್ಕೆ ಹಾಕಿಕೊಂಡು
ಸರಿಯಾಗಿ ಅದರ ಮೇಲೇ ಒರಗಿದಳು.

ಗದ್ದ ಒಂಚೂರು ಮ್ಯಾಲ, ಅಂದೆ.